ವಿಮಾನದೊಳಗೆ ಮದ್ದು ಬಿಡುವ ನಿಯಮ

ಕಾಸರಗೋಡಿನ ನಮ್ಮ ಕಡೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವುದು ಹೊಸತಲ್ಲ. ಆದರೆ ಈಚೆಗೆ ಓದಿಗಾಗಿಯೂ ನರ್ಸಿಂಗ್ ಕೆಲಸಕ್ಕಾಗಿಯೂ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೊರಡುವವರು ಹೆಚ್ಚಾದಂತೆ ಒಂದು ಪ್ರಶ್ನೆ ಬಂಧುಬಳಗದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ: ಸೊಳ್ಳೆಗಳನ್ನು ಕೊಲ್ಲಲೆಂದು, ಜನರನ್ನು ಕುಳ್ಳಿರಿಸಿಕೊಂಡೇ ವಿಮಾನದೊಳಗೆ ಕೀಟನಾಶಕ ಸಿಂಪಡಿಸುವುದು ಸರಿಯೇ? ಅಕ್ಕನ ಮಗಳು ಪ್ರಯಾಣದ ಸಿದ್ಧತೆಯಲ್ಲಿದ್ದಾಗ ಇದನ್ನೇ ಕೇಳಿದ್ದರಿಂದ, ತಿಳಿದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಇದು ವಿಮಾನ ಸಂಸ್ಥೆಯ ಇಷ್ಟಾನಿಷ್ಟದ ವಿಷಯವಲ್ಲ. ವಿಮಾನ ಇಳಿಯಬೇಕಾದ ದೇಶವು ಕೇಳಿದರೆ ಮಾಡಲೇಬೇಕಾದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿ ಇದಕ್ಕೆ ಆಧಾರ. ಅದು ಜಾರಿಗೆ ಬಂದದ್ದು 2007ರಲ್ಲಿ. ನಮ್ಮ ದೇಶದಲ್ಲಿಯೂ 1954ರಷ್ಟು ಹಿಂದೆಯೇ ವಿಮಾನಗಳ ಸಾರ್ವಜನಿಕ ಆರೋಗ್ಯಕ್ಕೆಂದು ಪ್ರತ್ಯೇಕ ನಿಯಮಗಳು ಬಂದಿದ್ದವು. ಅದರ ಹಿಂದಿದ್ದ ದೊಡ್ಡ ಭಯ ಹಳದಿ ಜ್ವರದ್ದು. ಆ ರೋಗ ಭಾರತದಲ್ಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಇಲ್ಲಿ ಧಾರಾಳವಾಗಿದೆ. ಡೆಂಗಿಯನ್ನು ಹರಡುವುದೂ ಅದೇ. ಅದರ ಬಳಗದ ಸೊಳ್ಳೆಗಳು ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಹಾಲಿನ ಚಿಪ್ಪಿನಲ್ಲಿ ನಿಂತ ನೀರಿನಲ್ಲಿಯೇ ಮರಿ ಮಾಡುತ್ತವೆ.

ಸೊಳ್ಳೆಯೊಂದು ವಿಮಾನವೇರಿ ಹೋಗಿ ರೋಗ ಹರಡುವುದುಂಟೇ ಎಂದು ನಗುವವರಿದ್ದಾರೆ. 1994ರ ಬೇಸಿಗೆಯಲ್ಲಿ ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಿದ್ದವರಿಗೂ ಸಮೀಪದ ಊರಿನವರಿಗೂ ಮಲೇರಿಯಾ ಬಂತು. ಅದಕ್ಕೆ ಕಾರಣ ವಿಮಾನದಲ್ಲಿ ಬಂದಿಳಿದ ಸೊಳ್ಳೆಗಳೆಂದು ತಿಳಿಯಲಾಯಿತು. ಅದಕ್ಕೂ ಮೊದಲು, 1930ರಲ್ಲಿ, ಆಫ್ರಿಕದ ಮಲೇರಿಯಾ ಸೊಳ್ಳೆ ಬ್ರೆಜಿಲ್‌ನ ನಟಾಲ್ ಪಟ್ಟಣದಲ್ಲಿ ಕಾಣಿಸಿಕೊಂಡಿತ್ತು. ಅದು ಹಡಗಿನಲ್ಲಿ ಬಂದಿತ್ತೋ ವಿಮಾನದಲ್ಲೋ, ಅಂತೂ ಕೆಲವೇ ವರ್ಷಗಳಲ್ಲಿ ದೊಡ್ಡ ಸಾಂಕ್ರಾಮಿಕಕ್ಕೆ ಕಾರಣವಾಯಿತು. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ, ಮಂಗಳೂರಿನ ಟ್ಯಾಂಕಿ, ಬಾವಿಗಳಲ್ಲಿ ಬೆಳೆದು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿಯೇ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಪತ್ತೆಯಾಗಿ ಅಲ್ಲಿನ ಆರೋಗ್ಯ ಇಲಾಖೆಯ ನಿದ್ದೆಗೆಡಿಸಿತು. ಸೊಳ್ಳೆಯನ್ನು ಹೊರಗಿಂದ ಪಡೆಯಬಹುದಾದವರೂ ನಾವೇ, ಕಳುಹಿಸಬಹುದಾದವರೂ ನಾವೇ.

ಮದ್ದು ಬಿಡುವ ಕ್ರಮಗಳು ಹಲವು. ಬಾಗಿಲು ಮುಚ್ಚಿದ ಬಳಿಕ, ವಿಮಾನ ಏರುವ ಮೊದಲು, ಸಿಬ್ಬಂದಿ ಡಬ್ಬಿ ಹಿಡಿದು ನಡುದಾರಿಯಲ್ಲಿ ನಡೆಯುತ್ತ ಸಿಂಪಡಿಸುವುದು ಒಂದು. ಕೆಳಗಿಳಿಯಲು ಆರಂಭಿಸುವಾಗ ಸಿಂಪಡಿಸುವುದು ಇನ್ನೊಂದು. ಬಳಸುವುದು ಸಾಮಾನ್ಯವಾಗಿ ಶೇಕಡಾ 2ರ ಡಿ-ಫಿನೋತ್ರಿನ್ ಎಂಬ ಕೀಟನಾಶಕ. ಪ್ರಯಾಣಿಕರು ಹತ್ತುವ ಮೊದಲೇ ಖಾಲಿ ವಿಮಾನದಲ್ಲಿ ಸಿಂಪಡಿಸಿ ಮುಗಿಸುವ ಪದ್ಧತಿಯೂ ಉಂಟು. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು, ಜನರಿಲ್ಲದಾಗ ಗೋಡೆ, ನೆಲ, ಸರಕು ಕೋಣೆಗಳ ಮೇಲೆ ಪರ್ಮೆತ್ರಿನ್ ಎಂಬ ಕೀಟನಾಶಕದ ಲೇಪ ಉಳಿಯುವಂತೆ ಮಾಡುವ ವಿಧಾನ. ಅದರ ಪರಿಣಾಮ 8 ವಾರ ನಿಲ್ಲುತ್ತದೆಂದು ಲೆಕ್ಕ. ಆಸ್ಟ್ರೇಲಿಯಾ ಅದನ್ನು ಒಪ್ಪುತ್ತದೆ, ಆದರೆ ಸಿಂಧುವಾದ ಪ್ರಮಾಣಪತ್ರವಿಲ್ಲದ ವಿಮಾನ ಬಂದರೆ ಅಲ್ಲಿಯೇ ಸಿಂಪಡಿಸಬೇಕಾಗಬಹುದು.

ಇಲ್ಲಿ ನಮ್ಮ ಜಿಲ್ಲೆಯವರ ಅಂಜಿಕೆಯನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಇದು. ಎಣ್ಮಕಜೆಯಂಥ ಗ್ರಾಮಗಳಲ್ಲಿ ಜನ ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆಯನ್ನು ತಡೆಯುವ ಮೊದಲು ಇಲ್ಲಿಯವರಿಗೆ ಬಾಯಿಮಾತಿನ ಭರವಸೆಗಳು ಸಾಕಷ್ಟು ಸಿಕ್ಕಿದ್ದವು. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಂಡೋಸಲ್ಫಾನ್ ಮಣ್ಣಿನಲ್ಲಿಯೂ ಪ್ರಾಣಿಗಳ ದೇಹದಲ್ಲಿಯೂ ಬಹುಕಾಲ ಉಳಿಯುವ ಆರ್ಗನೋಕ್ಲೋರಿನ್, ಅಂದರೆ ಕ್ಲೋರಿನ್ ಸೇರಿದ ಕೀಟನಾಶಕ. ವಿಮಾನದಲ್ಲಿ ಬಳಸುವುದು ಸೇವಂತಿಗೆ ಜಾತಿಯ ಹೂವಿನಿಂದ ದೊರೆಯುವ ಪೈರೆತ್ರಮ್ ಎಂಬ ಕೀಟನಾಶಕಕ್ಕೆ ಸಮಾನವಾದ, ಕೃತಕವಾಗಿ ತಯಾರಿಸಿದ ಪೈರೆತ್ರಾಯ್ಡ್ ವರ್ಗದ ಮದ್ದು. ಅದು ಮನುಷ್ಯನ ದೇಹದಲ್ಲಿ ಬೇಗನೆ ಒಡೆದುಹೋಗುತ್ತದೆ. ಸರಿಯಾದ ರೀತಿಯಲ್ಲಿ, ಸರಿಯಾದ ಪ್ರಮಾಣದಲ್ಲಿ ಬಳಸಿದರೆ ಆರೋಗ್ಯಕ್ಕೆ ಅಪಾಯವಿಲ್ಲ, ಕೆಲವರಿಗೆ ತಾತ್ಕಾಲಿಕ ಕಿರಿಕಿರಿಯಾಗಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಆದರೆ ದಿನವೂ ವಿಮಾನದಲ್ಲಿರುವ ಸಿಬ್ಬಂದಿಯ ಪ್ರಶ್ನೆ ಒಮ್ಮೆ ಹೋಗಿ ಬರುವ ನಮ್ಮ ಪ್ರಶ್ನೆಯಂಥದಲ್ಲ. ಅದಕ್ಕೆ ಬೇರೆಯೇ ಗಮನ ಬೇಕು.

ನನ್ನ ಆಕ್ಷೇಪವಿರುವುದು ಮದ್ದಿನ ಬಗ್ಗೆಯಲ್ಲ, ಹೇಳುವ ರೀತಿಯ ಬಗ್ಗೆ. ಇಂಗ್ಲಿಷ್‌ನಲ್ಲಿ ಎರಡು ವಾಕ್ಯ ಓದಿ ಮುಗಿಸಿದರೆ, ಮಗನ ಮನೆಗೆಂದು ಮೊದಲ ಸಲ ವಿಮಾನವೇರಿದ ಎಪ್ಪತ್ತರ ಅಜ್ಜಿಗೆ ಏನೂ ತಲುಪುವುದಿಲ್ಲ. ಮಂಗಳೂರು, ಕಣ್ಣೂರುಗಳಿಂದ ಹೊರಡುವ ವಿಮಾನಗಳಲ್ಲಿ ಕನ್ನಡ, ಮಲಯಾಳಗಳಲ್ಲಿಯೂ ಮದ್ದಿನ ಹೆಸರು, ಸಿಂಪಡಿಸುವ ಕಾರಣ, ಮೂಗು ಬಾಯಿ ಮುಚ್ಚಿಕೊಳ್ಳಬಹುದೆಂಬ ಸೂಚನೆ ಇಷ್ಟನ್ನು ಹೇಳುವುದು ಯಾರಿಗೂ ಭಾರವಾಗದು.

ಅಸ್ತಮಾ ಇರುವವರು ಟಿಕೆಟ್ ಕೊಳ್ಳುವಾಗಲೇ ಆ ವಿಮಾನದಲ್ಲಿ ಯಾವ ಕ್ರಮ ನಡೆಯುತ್ತದೆಂದು ಸಂಸ್ಥೆಯನ್ನು ಕೇಳಿ, ವೈದ್ಯರೊಡನೆ ಮಾತಾಡಿ, ಇನ್ಹೇಲರನ್ನು ಮೇಲಿನ ಪೆಟ್ಟಿಗೆಯಲ್ಲಿ ಅಲ್ಲ, ಕೈಗೆಟಕುವ ಚೀಲದಲ್ಲಿ ಇಟ್ಟುಕೊಳ್ಳಬೇಕು. ಅಕ್ಕನ ಮಗಳಿಗೂ ಅದನ್ನೇ ಹೇಳಿದ್ದೇನೆ.