ಹಾಯಿಗೂ ಒಂದು ಫಾಲ್: ಗ್ರೆನಡಾದಿಂದ ಮಾರ್ಟಿನೀಕ್‌ವರೆಗೆ

ಕೆರಿಬಿಯನ್ ದ್ವೀಪ ಗ್ರೆನಡಾದಿಂದ ಹಾಯಿದೋಣಿಯಲ್ಲಿ ಉತ್ತರದ ಮಾರ್ಟಿನೀಕ್ ದ್ವೀಪಕ್ಕೆ ಹೊರಡುವವರೆಲ್ಲ ಗಾಳಿಯ ಬಗ್ಗೆ ವಿಚಾರಿಸುತ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಬಿಸಿಲಿನ ಬಗ್ಗೆ ವಿಚಾರಿಸಬೇಕಿತ್ತು.

ಗೆಳೆಯನ 36 ಅಡಿ ದೋಣಿ. ದಾರಿ ಸುಮಾರು 150 ನಾಟಿಕಲ್ ಮೈಲಿ. ಕ್ಯಾರಿಯಾಕೂ ದ್ವೀಪ ದಾಟಿದ ಮೇಲೆ ಪಟಪಟ ಸದ್ದು ಶುರುವಾಯಿತು. ಮುಂದಿನ ಹಾಯಿಯ ಅಂಚಿನಲ್ಲಿ ಒಂದು ಮೊಳ ನೀಲಿ ಬಟ್ಟೆ ಬಿಚ್ಚಿಕೊಂಡಿತ್ತು. ದಾರಿಯಲ್ಲಿನ ಬೆಕ್ವೆ ದ್ವೀಪ ಸೇರುವಷ್ಟರಲ್ಲಿ ಅದು ಎರಡು ಮಾರು.

ಈ ಹಾಯಿಯನ್ನು ಇಳಿಸುವುದಿಲ್ಲ, ಚಾಪೆಯ ಹಾಗೆ ಸುತ್ತಿಡುತ್ತಾರೆ. ಸುತ್ತಿದ ಮೇಲೂ ಹಿಂದಿನ ಮತ್ತು ಕೆಳಗಿನ ಅಂಚು ಬಿಸಿಲಿಗೆ ಕಾಣುತ್ತಲೇ ಇರುತ್ತವೆ. ಅದಕ್ಕೇ ಸೀರೆಗೆ ಫಾಲ್ ಹೊಲಿಸಿದಂತೆ ಅಲ್ಲೊಂದು ಬಿಸಿಲು ತಡೆಯುವ ಪಟ್ಟಿ. ಬಿಚ್ಚಿಕೊಂಡಿದ್ದ ನೀಲಿ ಬಟ್ಟೆ ಅದೇ.

ಈ ಪಟ್ಟಿಗೆ ಬಟ್ಟೆ ಯಾವುದು? ಸನ್‌ಬ್ರೆಲ್ಲಾ ಬ್ರಾಂಡಿನ ಥರದ ಅಕ್ರಿಲಿಕ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುತ್ತದೆ, ನೆನೆದರೆ ಇನ್ನೂ ಜಾಸ್ತಿ. ಗಾಳಿ ಕಡಿಮೆಯಿದ್ದಾಗ ಹಾಯಿಯ ಅಂಚು ಜೋಲುತ್ತದೆ. ಯುವಿ ಡಾಕ್ರಾನ್, ಅಂದರೆ ಬಿಸಿಲು ತಡೆಯುವಂತೆ ಮಾಡಿದ ಪಾಲಿಯೆಸ್ಟರ್ ಹಾಯಿಬಟ್ಟೆ, ಸುಮಾರು ಅದರ ಅರ್ಧ ತೂಕ, ಹಾಯಿಯ ಜೊತೆ ಹೊಂದಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ. ರೇಸ್ ಓಡಿಸುವವರಿಗೆ ಅದು ಸರಿ. ವರ್ಷವಿಡೀ ಕೆರಿಬಿಯನ್ ಬಿಸಿಲಲ್ಲಿ ನಿಲ್ಲುವ ದೋಣಿಗೆ ನನ್ನ ಮಟ್ಟಿಗೆ ಅಕ್ರಿಲಿಕ್ಕೇ ವಾಸಿ.

ಆದರೆ ನಮಗೆ ಕೈಕೊಟ್ಟಿದ್ದು ಬಟ್ಟೆಯಲ್ಲ. ಅದು ಗಟ್ಟಿಯಾಗೇ ಇತ್ತು. ಹೊಲಿಗೆಯನ್ನು ಉಗುರಿನಿಂದ ಕೆರೆದರೆ ನೂಲು ಒಣ ಹುಲ್ಲಿನಂತೆ ಪುಡಿಯಾಗುತ್ತಿತ್ತು. ಸಾಮಾನ್ಯ ಪಾಲಿಯೆಸ್ಟರ್ ನೂಲು, ಅಷ್ಟೇ ಅಲ್ವಾ! ಬಟ್ಟೆಯ ಬಣ್ಣದ ಬಗ್ಗೆ ಅರ್ಧ ದಿನ ಚರ್ಚೆ ಮಾಡಿದ್ದ ಗೆಳೆಯ ನೂಲಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಟೆನಾರಾ ಬ್ರಾಂಡಿನಂಥ ಪಿಟಿಎಫ್‌ಇ (ಟೆಫ್ಲಾನ್ ಜಾತಿಯ) ನೂಲು ಬಿಸಿಲಿಗೆ ಜಗ್ಗುವುದಿಲ್ಲ. ದುಬಾರಿ, ಜಾರುತ್ತದೆ, ಹೊಲಿಯುವವರು ಗೊಣಗುತ್ತಾರೆ. ಗೊಣಗಲಿ ಬಿಡಿ.

ಇನ್ನೊಂದು ವಿಷಯ. ಹಾಯಿ ಯಾವ ಕಡೆಗೆ ಸುತ್ತುತ್ತದೆ ಅಂತ ನೋಡಿ, ಹೊರಗೆ ಬರುವ ಮೈಗೇ ಪಟ್ಟಿ ಹೊಲಿಸಿ. ಹೊರಡುವ ಮೊದಲು ಪೂರ್ತಿ ಸುತ್ತಿ, ಒಂದು ಸುತ್ತು ನಡೆದು ನೋಡಿ. ಎಲ್ಲಾದರೂ ಹಾಯಿಯ ಬಿಳಿ ಬಟ್ಟೆ ಇಣುಕಿದರೆ ಅಲ್ಲೇ ಮೊದಲು ಹರಿಯುವುದು. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಆಗ ದೋಣಿ ಸುಮ್ನೆ ನಿಲ್ಲಿಸುವುದಾದರೆ ಹಾಯಿ ಕಳಚಿ ಒಳಗಿಡಿ.

ದಪ್ಪ ಸೂಜಿ, ನೂಲು, ಅಂಟುವ ಹಾಯಿಬಟ್ಟೆ ಜೊತೆಗಿರಲಿ. ನಮ್ಮ ಬಳಿ ಇರಲಿಲ್ಲ. ಬೆಕ್ವೆಯಲ್ಲಿ ಹಾಯಿ ಹೊಲಿಯುವವರ ಸರದಿಗೆ ಮೂರು ದಿನ ಕಾದೆವು. ಮೀನು ಚೆನ್ನಾಗಿತ್ತು, ಹಾಗಾಗಿ ಯಾರೂ ಜಗಳ ಆಡಲಿಲ್ಲ.