ಹೆಬ್ಬೆರಳಿನ ಉಗುರು ಕಪ್ಪಾದ ಭಾನುವಾರ

ಭಾನುವಾರ ಎಣ್ಣೆಸ್ನಾನ ಮಾಡಿಸಿದ ಮೇಲೆ ಮಕ್ಕಳ ಉಗುರು ಕತ್ತರಿಸುವುದು ನಮ್ಮ ಮನೆಯ ರೂಢಿ. ಬಿಸಿನೀರಿಗೆ ನೆನೆದ ಉಗುರು ಮೆತ್ತಗಾಗಿರುತ್ತದೆ, ಮಕ್ಕಳೂ ನಿದ್ದೆಗಣ್ಣಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಕಳೆದ ಆಗಸ್ಟ್‌ನ ಒಂದು ಭಾನುವಾರ, ಶಿವಮೊಗ್ಗದಲ್ಲಿ ಮಳೆ ಹಿಡಿದು ನಾಲ್ಕನೆಯ ದಿನ, ಮಗಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರೆ ಹೆಬ್ಬೆರಳಿನ ಉಗುರು ಬುಡದಿಂದ ಅರ್ಧದವರೆಗೆ ನೇರಳೆಗಪ್ಪಾಗಿತ್ತು. ಪಕ್ಕದ ಚರ್ಮ ಕೆಂಪಗೆ ಉಬ್ಬಿತ್ತು. ಮುಟ್ಟಿದೊಡನೆ ಕಾಲು ಎಳೆದುಕೊಂಡಳು.

“ಎಲ್ಲಿ ಎಡವಿಕೊಂಡೆ?” ಎಂದೆ.

“ಎಡವಿಲ್ಲ.”

“ಮತ್ತೆ?”

ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, “ಶೂ ಒತ್ತುತ್ತದೆ ಅಮ್ಮ. ನಾಗರ ಪಂಚಮಿಗೆ ಮುಂಚಿನಿಂದಲೂ ಒತ್ತುತ್ತಿದೆ” ಎಂದಳು.

“ಹಾಗಾದರೆ ಹೇಳಬಾರದಿತ್ತೇನೇ?”

“ಅದು ತುಂಬಾ ದುಡ್ಡಿನ ಶೂ ಅಲ್ಲವಾ? ಎರಡು ವರ್ಷ ಬರಬೇಕು ಎಂದು ನೀನೇ ಹೇಳಿದ್ದೆ.”

ಹೇಳಿದ್ದು ನಿಜ. ಅಂಗಡಿಯಲ್ಲಿ ಹೇಳಿದ್ದೆ, ಮನೆಗೆ ಬಂದು ಅತ್ತೆಗೆ ಹೇಳಿದ್ದೆ, ಫೋನಿನಲ್ಲಿ ಅಕ್ಕನಿಗೆ ಹೇಳಿದ್ದೆ. ಅಷ್ಟೂ ಸಲ ಅವಳು ಅಲ್ಲೇ ಇದ್ದಳು. ಒಂಬತ್ತು ವರ್ಷದ ಮಗು ಆ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾರಗಟ್ಟಲೆ ನೋವು ನುಂಗಿಕೊಂಡಿತ್ತು. ಉಗುರು ಕತ್ತರಿಯನ್ನು ಕೆಳಗಿಟ್ಟು ಅವಳ ಪಾದವನ್ನು ಹಾಗೆಯೇ ಹಿಡಿದುಕೊಂಡು ಕೂತೆ. ಎಡಗಾಲಿನ ಉಗುರು ಕತ್ತರಿಸುವುದು ಆ ದಿನ ಆಗಲೇ ಇಲ್ಲ.

ಆ ಶೂ ಕೊಳ್ಳುವುದಕ್ಕೆ ಹಿಂದಿನ ವರ್ಷದ ಕಥೆಯೇ ಕಾರಣ. ಅವಳು ಮೂರನೆಯ ತರಗತಿಗೆ ಹೋಗುವಾಗ ಗಾಂಧಿ ಬಜಾರಿನ ಕಡೆ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವವರ ಬಳಿ 350 ರೂಪಾಯಿಗೆ ಶೂ ತಂದಿದ್ದೆವು. ವರ್ಷಕ್ಕೊಮ್ಮೆ ಹೇಗೂ ಬದಲಿಸಬೇಕು, ಇಷ್ಟು ಸಾಕು ಎಂಬುದು ಆಗಿನ ಲೆಕ್ಕ. ಜೂನ್ ಕಳೆಯುವುದರೊಳಗೆ ಬೆರಳು ಮಡಚುವ ಜಾಗದಲ್ಲಿ ರೆಕ್ಸಿನ್ ಸೀಳಿತು. ಜುಲೈನಲ್ಲಿ ಅಟ್ಟೆ ಬಾಯಿಬಿಟ್ಟಿತು. ಒಳಗೆ ಬಟ್ಟೆಯ ಅಸ್ತರಿ ಇರಲಿಲ್ಲ, ಗಾಳಿಯಾಡುವ ಒಂದು ತೂತೂ ಇರಲಿಲ್ಲ. ಬೆಳಿಗ್ಗೆ ಒದ್ದೆಯಾದ ಕಾಲುಚೀಲ ಸಂಜೆಯವರೆಗೂ ಒದ್ದೆಯಾಗಿಯೇ ಇರುತ್ತಿತ್ತು. ಬೆರಳಿನ ಸಂದಿಗಳು ಬಿಳಿಚಿ, ಕೆರೆತ ಶುರುವಾಯಿತು. ವೈದ್ಯರ ಫೀಸು, ಮುಲಾಮು, ಶೂವಿಗೆ ಎರಡು ಸಲ ಹಾಕಿಸಿದ ಹೊಲಿಗೆ ಎಲ್ಲ ಕೂಡಿಸಿದರೆ ಶೂವಿನ ಬೆಲೆಯನ್ನೇ ಮೀರಿತು. ಅಗ್ಗದ ಶೂ ಕೊಂಡವರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಮೂರು ಮಕ್ಕಳಿರುವ ಮನೆಯಲ್ಲಿ ಮೇ ತಿಂಗಳ ಕೊನೆಯ ವಾರ ಹೇಗಿರುತ್ತದೆ ಎಂದು ನನಗೆ ಗೊತ್ತು. ನಾವು ಅಕ್ಕತಂಗಿಯರು ಮೂವರು ಬೆಳೆದದ್ದು ಒಂದೇ ಸಂಬಳದಲ್ಲಿ.

ಹಾಗಾಗಿ ಈ ವರ್ಷ ಒಳ್ಳೆಯದನ್ನೇ ಕೊಡಿಸಬೇಕೆಂದು ಹಟ ಹಿಡಿದೆ. ಹವಾನಿಯಂತ್ರಿತ ದೊಡ್ಡ ಅಂಗಡಿ, ಮೃದುವಾದ ಕುರ್ಚಿ. 2,499 ರೂಪಾಯಿಯ ಚರ್ಮದ ಶೂ ರಿಯಾಯಿತಿಯಲ್ಲಿ 1,699ಕ್ಕೆ. ಕೈಯಲ್ಲಿ ಹಿಡಿದರೆ ಹೂವಿನಷ್ಟು ಹಗುರ. “ಈ ಸೈಜಿನಲ್ಲಿ ಇದೊಂದೇ ಜೋಡಿ ಉಳಿದಿದೆ ಮೇಡಂ, ಚರ್ಮ ಅಲ್ಲವೇ, ಹಾಕುತ್ತಾ ಹಾಕುತ್ತಾ ಹಿಗ್ಗುತ್ತದೆ” ಎಂದರು ಅಂಗಡಿಯವರು. ಹಿಂದಿನ ವರ್ಷ ಅವಳದು 13ನೆಯ ಸೈಜು. ಮಕ್ಕಳ ಸೈಜು 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ, ಈ ಜೋಡಿ 1ನೆಯ ಸೈಜಿನದು. ಒಂದು ಸೈಜು ದೊಡ್ಡದೇ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಂದು ಸೈಜಿಗೂ ಮುಂದಿನದಕ್ಕೂ ಇರುವ ಅಂತರ ಅಂಗುಲದ ಮೂರನೆಯ ಒಂದು ಭಾಗ ಮಾತ್ರ, ಎಂಟೂವರೆ ಮಿಲಿಮೀಟರಿನಷ್ಟು. ಈ ವಯಸ್ಸಿನ ಪಾದ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟು ಬೆಳೆದೇ ಬಿಡುತ್ತದೆ. ನಾನು ಶೂವಿನ ಆಯುಷ್ಯವನ್ನು ಲೆಕ್ಕ ಹಾಕಿದೆ, ಕಾಲಿನ ಬೆಳವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚರ್ಮ ಹಿಗ್ಗುವುದೂ ಸುಳ್ಳಲ್ಲ, ಆದರೆ ಅದು ಅಗಲಕ್ಕೆ ಸ್ವಲ್ಪ ಸಡಿಲವಾದೀತೇ ಹೊರತು ಉದ್ದಕ್ಕೆ ಬೆಳೆಯುವುದಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. ಅಂಗಡಿಗೆ ಹೋದದ್ದು ಬೆಳಿಗ್ಗೆ ಹತ್ತೂವರೆಗೆ, ಚಪ್ಪಲಿ ಹಾಕಿಕೊಂಡು. ಅಳತೆ ನೋಡುವುದಕ್ಕೆ ಅಂಗಡಿಯಲ್ಲೇ ಇದ್ದ ತೆಳು ನೈಲಾನ್ ಕಾಲುಚೀಲ ತೊಡಿಸಿದರು. ಶಾಲೆಗೆ ಅವಳು ಹಾಕುವುದು ದಪ್ಪ ಹತ್ತಿಯ ಕಾಲುಚೀಲ. ದಿನವಿಡೀ ನಿಂತು ಓಡಾಡಿದ ಪಾದ ಸಂಜೆಯ ಹೊತ್ತಿಗೆ ಸ್ವಲ್ಪ ಉಬ್ಬುತ್ತದೆ ಎಂಬುದೂ ಆ ತಂಪು ಕೋಣೆಯಲ್ಲಿ ನೆನಪಾಗಲಿಲ್ಲ.

ಉಗುರಿನ ವಿಷಯ ಗೊತ್ತಾದ ಮೇಲೆ ನಾದಿನಿಗೆ ಫೋನ್ ಮಾಡಿದೆ. ಅವಳು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ ಮತ್ತು ಎರಡು ಜೊತೆ ಕಾಲುಚೀಲ ಕೊಡುವ ಶೂ ಭಾಗ್ಯ ಯೋಜನೆ ಇದೆಯಲ್ಲ, ಅದರ ಖರೀದಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕವೇ ನಡೆಯುತ್ತದೆ. 2022-23ರಲ್ಲಿ ಸರ್ಕಾರ ನಿಗದಿ ಮಾಡಿದ್ದ ದರ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ತಲಾ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಮತ್ತು ಹತ್ತಕ್ಕೆ 325. ಅಷ್ಟರಲ್ಲೇ ಕಾಲುಚೀಲವೂ ಬರಬೇಕು. ನನ್ನ ಮಗಳ ಒಂದು ಜೋಡಿಯ ಹಣದಲ್ಲಿ ನಾದಿನಿಯ ಶಾಲೆಯ ಆರು ಮಕ್ಕಳಿಗೆ ಶೂ ಬರುತ್ತದೆ. ಆ ದರಕ್ಕೆ ಎಂತಹ ಶೂ ಸಿಕ್ಕೀತು ಎಂದು ಯಾರಿಗಾದರೂ ತಿಳಿಯುತ್ತದೆ. ಮಳೆ ಹೆಚ್ಚಿರುವ ಕಡೆ ಶೂ ಬದಲು ಸ್ಯಾಂಡಲ್ ಕೊಳ್ಳಲೂ ಅವಕಾಶವಿದೆ ಎಂದು ಅವಳಿಂದಲೇ ನನಗೆ ತಿಳಿದದ್ದು.

ಹಣ ಕಡಿಮೆ ಇದ್ದಾಗ ಅಳತೆಯಲ್ಲಾದರೂ ತಪ್ಪಬಾರದು ಎಂಬುದು ಅವಳ ಛಲ. ಅಂಗಡಿಗೆ ಸೈಜಿನ ಪಟ್ಟಿ ಕಳುಹಿಸಿ ಸುಮ್ಮನಾಗುವುದಿಲ್ಲ. ಪ್ರತಿ ಮಗುವನ್ನೂ ಹಳೆಯ ದಿನಪತ್ರಿಕೆಯ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕತ್ತರಿಸಿ, ಮೇಲೆ ಹೆಸರು ಬರೆದು, ಆ ಕಾಗದದ ಪಾದಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಾಳೆ. ಒಮ್ಮೆ ಆ ಕಟ್ಟನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದ್ದಳು. ಒಂದೊಂದು ಪಾದದ ಆಕಾರವೂ ಬೇರೆ. ಒಬ್ಬನದು ದೋಣಿಯಂತೆ ಕಿರಿದು, ಇನ್ನೊಬ್ಬಳದು ಬೆರಳುಗಳ ಹತ್ತಿರ ಬೀಸಣಿಗೆಯಂತೆ ಅಗಲ. ಬರಿಗಾಲಿನಲ್ಲಿ ತೋಟ ಗದ್ದೆ ಓಡಾಡಿದ ಮಕ್ಕಳ ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ ಅತ್ತಿಗೆ, ಅಂಗಡಿಯ ಚೂಪು ಮೂತಿಯ ಶೂ ಅವಕ್ಕೆ ಆಗುವುದಿಲ್ಲ ಎಂದಿದ್ದಳು. ಅದನ್ನೆಲ್ಲ ನಾನು ಆಸಕ್ತಿಯಿಂದ ಕೇಳಿದ್ದೆ. ಆದರೂ ನನ್ನ ಮಗಳ ಕಾಲಿನ ಗೆರೆ ಎಳೆಯಬೇಕೆಂದು ಹೊಳೆದಿರಲಿಲ್ಲ.

“ಶೂವಿನ ಒಳಹಾಳೆ ಹೊರಗೆ ತೆಗೆದು ನೋಡಿ ಅತ್ತಿಗೆ” ಎಂದಳು ಫೋನಿನಲ್ಲಿ.

ಎಳೆದು ತೆಗೆದೆ. ಬೂದು ಬಣ್ಣದ ಮೆತ್ತನೆಯ ಹಾಳೆಯ ಮೇಲೆ ಮಗಳ ಪಾದ ಅಚ್ಚೊತ್ತಿದಂತೆ ಕೂತಿತ್ತು. ಹಿಮ್ಮಡಿಯ ಗುಂಡು ಗುರುತು, ನಡುವೆ ಏನೂ ಒತ್ತದ ಖಾಲಿ ಜಾಗ, ಮುಂದೆ ಐದು ಬೆರಳು. ಹೆಬ್ಬೆರಳಿನ ಗುರುತು ಹಾಳೆಯ ಅಂಚಿನವರೆಗೂ ಹೋಗಿ ಅಲ್ಲಿ ನಿಲ್ಲದೆ ಅಂಚನ್ನೇ ಮೇಲಕ್ಕೆ ಮಡಚಿತ್ತು. ಮಡಚಿದಲ್ಲಿ ಮೇಲಿನ ಬಟ್ಟೆ ಸವೆದು ಒಳಗಿನ ಹಳದಿ ಸ್ಪಂಜು ಕಾಣುತ್ತಿತ್ತು. ಅವಳು ಪ್ರತಿದಿನ ಬೆರಳು ಮುದುರಿಕೊಂಡು ನಡೆದಿದ್ದಳು. ಹೊರಗಿನಿಂದ ಶೂ ಆಗಲೂ ಹೊಸದರಂತೆ ಮಿರುಗುತ್ತಿತ್ತು, ಪ್ರತಿ ಶುಕ್ರವಾರ ರಾತ್ರಿ ನಾನೇ ಪಾಲಿಶ್ ಹಾಕುತ್ತಿದ್ದೆ.

ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿ ಅವಳನ್ನು ನೆಟ್ಟಗೆ ನಿಲ್ಲಿಸಿದೆ. ಕೂತರೆ ಪಾದ ಪೂರ್ತಿ ಹರಡುವುದಿಲ್ಲ, ಮೈಭಾರ ಬಿದ್ದಾಗಲೇ ನಿಜವಾದ ಅಳತೆ. ಪೆನ್ಸಿಲ್ ಬೆರಳಿನ ಸುತ್ತ ಹೋಗುವಾಗ ಕಚಗುಳಿಯಾಗಿ ನಕ್ಕಳು. ಬಲಗಾಲು ಎಡಗಾಲಿಗಿಂತ ಒಂದು ಗೆರೆಯಷ್ಟು ಉದ್ದವಿತ್ತು. ಶೂ ಕೊಳ್ಳುವುದು ಉದ್ದ ಇರುವ ಕಾಲಿನ ಲೆಕ್ಕದಲ್ಲಿ ಎಂದು ನಾದಿನಿ ಹೇಳಿದಳು. ಒಳಹಾಳೆಯನ್ನು ಆ ಗೆರೆಯ ಮೇಲೆ ಇಟ್ಟಾಗ ಹೆಬ್ಬೆರಳಿನ ತುದಿ ಹೊರಗೆ ಉಳಿಯಿತು. ನನ್ನವರು ಬಗ್ಗಿ ನೋಡಿದರು, ಏನೂ ಮಾತನಾಡಲಿಲ್ಲ. ಕೊಡೆ ಎಲ್ಲಿದೆ ಎಂದು ಹುಡುಕತೊಡಗಿದರು.

ಅಂದೇ ಸಂಜೆ ಐದರ ಮೇಲೆ ಪೇಟೆಗೆ ಹೋದೆವು. ಶಾಲೆಯ ಕಾಲುಚೀಲ ಹಾಕಿಸಿ, ಕತ್ತರಿಸಿದ ಕಾಗದದ ಪಾದವನ್ನು ಪರ್ಸಿನಲ್ಲಿಟ್ಟುಕೊಂಡು. ಈ ಸಲ ಹೋದದ್ದು ಸಣ್ಣ ಅಂಗಡಿಗೆ. ಅಲ್ಲಿ 480ರ ಶೂವೂ ಇತ್ತು, 1,500ರದೂ ಇತ್ತು. ಬೆಲೆ ಆಮೇಲೆ ನೋಡೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಕಾಗದದ ಪಾದವನ್ನು ಒಂದೊಂದು ಶೂವಿನೊಳಗೆ ಹಾಸಿ ನೋಡಿದೆ, ಅಂಚು ಮಡಚಿಕೊಂಡರೆ ಅದನ್ನು ಬದಿಗಿಟ್ಟೆ. ಉಳಿದವನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದೆ. ನಾವು ನಡೆಯುವಾಗ ಪಾದ ಬಗ್ಗುವುದು ಬೆರಳಿನ ಬುಡದಲ್ಲಿ, ಶೂವೂ ಅಲ್ಲೇ ಬಗ್ಗಬೇಕು. 480ರದು ನಡುಮಧ್ಯಕ್ಕೆ ರಟ್ಟಿನಂತೆ ಮಡಚಿಕೊಂಡಿತು. 1,500ರದು ಎಷ್ಟು ಗಟ್ಟಿ ಎಂದರೆ ನನ್ನ ಕೈಗೇ ಬಗ್ಗಲಿಲ್ಲ, ಅದನ್ನು ಇಪ್ಪತ್ತೈದು ಕೆಜಿಯ ಮಗು ಹೇಗೆ ಬಗ್ಗಿಸೀತು? ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿನಿಂದ ಅದುಮಿ ನೋಡಿದೆ, ಅಲ್ಲಿ ಮಾತ್ರ ಶೂ ಗಟ್ಟಿಯಾಗಿರಬೇಕು.

ಕೊನೆಗೆ ಆರಿಸಿದ್ದು 740 ರೂಪಾಯಿಯದು. ಮೇಲೆ ಚರ್ಮವಲ್ಲ, ಸಿಂಥೆಟಿಕ್. ಆದರೆ ಒಳಗೆ ಬಟ್ಟೆಯ ಅಸ್ತರಿ ಇತ್ತು, ಅಟ್ಟೆಯ ಅಂಚಿಗೆ ಸುತ್ತಲೂ ಹೊಲಿಗೆ ಇತ್ತು, ಮೂತಿ ಅಗಲವಾಗಿ ದುಂಡಗಿತ್ತು. ಅವಳನ್ನು ನಿಲ್ಲಿಸಿ ಬೆರಳಿನ ಮುಂದೆ ಒತ್ತಿದೆ, ನನ್ನ ಹೆಬ್ಬೆರಳಿನ ಅಗಲದಷ್ಟು ಜಾಗ. ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಯಲು ಹೇಳಿದೆ. ಹೋಗುವಾಗ ನಡೆದಳು, ಬರುವಾಗ ಓಡಿದಳು. ಬಿಲ್ ಮಾಡುವಾಗ ಅವಳು ಮೆಲ್ಲನೆ, “ಎಷ್ಟು ರೂಪಾಯಿ ಅಮ್ಮ?” ಎಂದಳು.

“ಬೆಲೆ ನನಗಿರಲಿ. ಒತ್ತಿದರೆ ಅದೇ ದಿನ ನನಗೆ ಹೇಳಬೇಕು” ಎಂದೆ.

ಉಳಿದ ಹಣವನ್ನು ಉಳಿತಾಯ ಎಂದು ಎತ್ತಿಡಲಿಲ್ಲ. ಶೈಕ್ಷಣಿಕ ವರ್ಷದ ನಡುವೆ ಇನ್ನೊಂದು ಜೋಡಿ ಬೇಕಾದೀತು ಎಂದು ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಲಕೋಟೆಯಲ್ಲಿಟ್ಟೆ. ಬೆಳೆಯುವ ಕಾಲಿಗೆ ಎರಡು ವರ್ಷ ಬಾಳುವ ಶೂ ಕೊಳ್ಳುವುದಕ್ಕಿಂತ, ಬೇಕಾದಾಗ ಮನಸ್ಸು ಕಹಿಯಾಗದೆ ಬದಲಿಸಬಹುದಾದದ್ದನ್ನು ಕೊಳ್ಳುವುದೇ ಸರಿ ಎಂದು ನನಗೆ ಈಗ ಅನ್ನಿಸುತ್ತದೆ. ದುಡ್ಡು ಹೆಚ್ಚು ಕೊಟ್ಟಷ್ಟೂ ಅದನ್ನು ಕಾಲಿನಿಂದ ಬಿಡಿಸಲು ನಮಗೆ ಮನಸ್ಸೇ ಬರುವುದಿಲ್ಲ, ಆ ಭಾರವನ್ನು ಹೊರುವುದು ಮಗು.

ಹಳೆಯ ಜೋಡಿಯನ್ನು ಮಗಳ ತಮ್ಮನಿಗೆ ಎತ್ತಿಡೋಣ ಎಂದರು ನನ್ನವರು. ಅವನಿನ್ನೂ ಒಂದನೆಯ ತರಗತಿ. ಬರುವಾಗ ಕೊಡೆಯ ಕಡ್ಡಿ ಹಾಕಿಸಲೆಂದು ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಹಿರಿಯರ ಹತ್ತಿರ ನಿಂತಿದ್ದೆವು. ಚೀಲದಲ್ಲಿದ್ದ ಶೂ ನೋಡಿ ಅವರು ಅಟ್ಟೆಯನ್ನು ಉಗುರಿನಿಂದ ಒತ್ತಿದರು. “ಇದು ಪಿಯು ಅಟ್ಟೆ ತಾಯಿ. ಹಾಕಿಕೊಂಡು ಓಡಾಡಿದರೆ ಬಾಳುತ್ತದೆ, ಕಟ್ಟಿಟ್ಟರೆ ಉಳಿಯುವುದಿಲ್ಲ” ಎಂದರು. ಅಕ್ಕನ ಮನೆಯಲ್ಲಿ ಹಾಗೆಯೇ ಆಗಿತ್ತು. ದೊಡ್ಡ ಮಗನ ಶೂವನ್ನು ಚಿಕ್ಕವನಿಗೆಂದು ಡಬ್ಬಿಯಲ್ಲಿಟ್ಟು ಅಟ್ಟದ ಮೇಲೆ ಮೂರು ಮಳೆಗಾಲ ಇರಿಸಿದ್ದಳು. ತೆಗೆದು ಹಾಕಿಸಿದ ದಿನ ಮನೆಯಿಂದ ಗೇಟಿನವರೆಗೆ ಕಪ್ಪು ಪುಡಿ ಉದುರಿತ್ತು. ಪಿಯು ಎಂದರೆ ಪಾಲಿಯುರೆಥೇನ್, ಒಂದು ಬಗೆಯ ಪ್ಲಾಸ್ಟಿಕ್. ಗಾಳಿಯ ತೇವಕ್ಕೆ ಅದು ಒಳಗೊಳಗೇ ಒಡೆಯುತ್ತಾ ಹೋಗುತ್ತದೆ, ಮಲೆನಾಡಿನ ಅಟ್ಟಗಳಲ್ಲಿ ತೇವಕ್ಕೇನು ಕೊರತೆ?

ಹಾಗಾಗಿ ಅದನ್ನು ಇಡಲಿಲ್ಲ. ಸಾಗರದಲ್ಲಿರುವ ಚಿಕ್ಕ ತಂಗಿಯ ಮಗಳು ಎರಡನೆಯ ತರಗತಿ. ಅವಳ ಪಾದದ ಗೆರೆ ತೆಗೆಸಿ, ಸ್ಕೇಲಿನಲ್ಲಿ ಅಳೆಸಿ, ಬೆರಳಿನ ಮುಂದೆ ಜಾಗ ಉಳಿಯುತ್ತದೆ ಎಂದು ಖಚಿತವಾದ ಮೇಲೆ ಹೊಸ ಒಳಹಾಳೆ ಹಾಕಿಸಿ ಕೊಟ್ಟುಬಂದೆವು. ಬೆಲೆ ಎಷ್ಟೆಂದು ತಂಗಿ ಮಗುವಿನ ಎದುರೇ ಕೇಳಿದಳು. ನಾನು ಒಳಗೆ ಕರೆದುಕೊಂಡು ಹೋಗಿ ಹೇಳಿದೆ.

ಕ್ಯಾಲೆಂಡರಿನ ಹಾಳೆಯನ್ನು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ದಸರಾ ರಜೆಯಲ್ಲಿ ಅದನ್ನು ಬಿಡಿಸಿ ನೆಲಕ್ಕೆ ಹಾಸಿ, ಅದೇ ಹಿಮ್ಮಡಿಯ ಗುರುತಿನ ಮೇಲೆ ಅವಳನ್ನು ಮತ್ತೆ ನಿಲ್ಲಿಸಿದೆ. ಈ ಸಲ ಕೆಂಪು ಪೆನ್ಸಿಲ್. ಬೆರಳುಗಳ ಹತ್ತಿರ ಹೊಸ ಗೆರೆ ಹಳೆಯದನ್ನು ದಾಟಿ ಕೂದಲೆಳೆಯಷ್ಟು ಹೊರಗೆ ಬಿತ್ತು. ಮಗಳು ಬಗ್ಗಿ ಆ ಎರಡು ಗೆರೆಗಳ ನಡುವೆ ಉಗುರು ಇಟ್ಟು ನೋಡಿ, “ಇನ್ನೂ ಜಾಗ ಇದೆ ಅಮ್ಮ, ಒತ್ತುತ್ತಿಲ್ಲ” ಎಂದಳು. ಹೆಬ್ಬೆರಳಿನ ಕಪ್ಪು ಬುಡ ಬಿಟ್ಟು ಮೇಲಕ್ಕೆ ಸರಿದಿತ್ತು, ಅದರ ಕೆಳಗೆ ಗುಲಾಬಿ ಬಣ್ಣದ ಹೊಸ ಉಗುರು ಕಾಣಿಸುತ್ತಿತ್ತು.