ಟೇಪು ಹಿಡಿದು ಅಳೆದ ಮೇಲೆ ಕಾರಿನ ಮಾತು

8 ನವೆಂಬರ್ 2025, ಶನಿವಾರ, ಬೆಂಗಳೂರು

ದೀಪಾವಳಿ ಮುಗಿದು ಎರಡೂವರೆ ವಾರ. ಆಟೋಗಳ ನೆತ್ತಿಯ ಮೇಲೆ ರಾಜ್ಯೋತ್ಸವದ ಬಾವುಟ ಇನ್ನೂ ಇದೆ, ಶೋರೂಂಗಳ ಮುಂದೆ ಬಲೂನೂ ಇದೆ. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತಲ್ಲ, ಅವತ್ತಿನಿಂದ ಎಲ್ಲರ ಮನೆಯಲ್ಲೂ ಒಂದೇ ಮಾತು: ಈಗ ತಗೊಂಡುಬಿಡೋಣವಾ? ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರಬಾರದು. ಅದಕ್ಕಿಂತ ದೊಡ್ಡದಕ್ಕೆ 40 ಪರ್ಸೆಂಟ್. ಬೆಲೆ ಇಳಿದದ್ದು ನಿಜ, ಸಂತೋಷ. ಆದರೆ ಈ ಊರಲ್ಲಿ ಮೊದಲು ತೆಗೆಯಬೇಕಾದ್ದು ಚೆಕ್‌ಬುಕ್ಕಲ್ಲ, ಅಳತೆ ಟೇಪು.

ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಸಿಗುವ ಜಾಗ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಕಾಗದದ ಮೇಲೆ ಧಾರಾಳ. ಕನ್ನಡಿ ಬಿಟ್ಟು ವ್ಯಾಗನ್‌ಆರ್ ಅಗಲ 1.62 ಮೀಟರ್, ಸ್ವಿಫ್ಟ್ 1.73, ನೆಕ್ಸಾನ್ 1.80. ಬಾಗಿಲು ತೆಗೆದು ಮನುಷ್ಯ ಆಚೆ ಬರಲು ಒಂದು ಪಕ್ಕಕ್ಕಾದರೂ 60 ಸೆಂಟಿಮೀಟರ್ ಬೇಕು. ವಯಸ್ಸಾದವರು, ಮಂಡಿನೋವಿನವರು ಇದ್ದರೆ 80. ಎರಡೂ ಕಡೆ ಪಿಲ್ಲರ್ ಇರುವ ಜಾಗದಲ್ಲಿ ನೆಕ್ಸಾನ್ ನಿಲ್ಲಿಸಿದರೆ ಉಳಿಯುವುದು ಒಟ್ಟು 70. ಅಂದರೆ ಎಡ ಪಿಲ್ಲರಿಗೆ ಅಂಗೈಯಗಲ ಮಾತ್ರ ಬಿಟ್ಟು ನಿಲ್ಲಿಸಬೇಕು, ಎಡಗಡೆಯವರು ಗಾಡಿ ಒಳಗೆ ಹೋಗುವ ಮೊದಲೇ ಇಳಿಯಬೇಕು. ದಿನಾ ಎರಡು ಸಲ, ವರ್ಷವಿಡೀ. ಬಂಪರಿನ ಮೂಲೆಯಲ್ಲಿ ಪಿಲ್ಲರಿನ ಬಣ್ಣ ಹತ್ತಿಕೊಂಡ ಕಾರುಗಳನ್ನು ಯಾವ ಬೇಸ್‌ಮೆಂಟಿನಲ್ಲಿ ಬೇಕಾದರೂ ಎಣಿಸಬಹುದು. ಹಾಗಾಗಿ ಗೋಡೆಯಿಂದ ಗೋಡೆಗಲ್ಲ, ಪಿಲ್ಲರಿನಿಂದ ಪಿಲ್ಲರಿಗೆ ಅಳೆಯಿರಿ. ಪಿಲ್ಲರಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನೂ ಸೇರಿಸಿ.

ಸ್ವಂತ ಮನೆಯವರಿಗೆ ತೊಂದರೆ ಬೇರೆ ಥರ. ಮೂವತ್ತು–ನಲವತ್ತರ ಸೈಟು, ಮುಂದೆ ಇಪ್ಪತ್ತು ಅಡಿ ಕ್ರಾಸು. ಇಪ್ಪತ್ತು ಅಡಿ ಅಂದರೆ 6 ಮೀಟರ್. ಎದುರು ಮನೆಯವರ ಕಾರು ರಸ್ತೆಯಲ್ಲೇ ನಿಂತಿದ್ದರೆ ಉಳಿದದ್ದು 4.3. ಚಿಕ್ಕ ಹ್ಯಾಚ್‌ಬ್ಯಾಕಿನ ತಿರುಗುವ ತ್ರಿಜ್ಯವೇ 4.7–4.8 ಮೀಟರ್ ಇರುವಾಗ ಒಂದೇ ಸಲಕ್ಕೆ ಗೇಟಿನೊಳಗೆ ಹೋಗುವುದು ಕನಸು. ಮೂರು ಸಲ ಹಿಂದೆ ಮುಂದೆ ಮಾಡಬೇಕು, ಹಿಂದಿನಿಂದ ಸ್ವಿಗ್ಗಿಯವರ ಹಾರ್ನು ಕೇಳಿಸಿಕೊಳ್ಳುತ್ತಾ. ಇನ್ನು ರ‍್ಯಾಂಪು. ಚರಂಡಿ ಚಪ್ಪಡಿ ಮೇಲಿಂದ ಗೇಟಿಗೆ ಏರುವ ಆ ನಾಲ್ಕಡಿ ಇಳಿಜಾರು ಕಡಿದಾಗಿದ್ದರೆ ಮುಂದಿನ ಬಂಪರಿನ ಕೆಳಗಿನ ಪ್ಲಾಸ್ಟಿಕ್ ತುಟಿ ಉಜ್ಜುತ್ತದೆ. ಎಎಂಟಿ ಗೇರಿನ (ಕ್ಲಚ್ಚು, ಗೇರು ತಾನೇ ಬದಲಿಸಿಕೊಳ್ಳುವ) ಗಾಡಿಯಾದರೆ ಅದೇ ಏರಿನಲ್ಲಿ ಬ್ರೇಕ್ ಬಿಟ್ಟ ಕ್ಷಣ ಹಿಂದಕ್ಕೆ ಜಾರಬಹುದು. ಏರಿನಲ್ಲಿ ಗಾಡಿಯನ್ನು ಕ್ಷಣಕಾಲ ಹಿಡಿದಿಡುವ ಹಿಲ್ ಹೋಲ್ಡ್ ಇದೆಯಾ ಅಂತ ಕೇಳಿಯೇ ಮುಂದುವರಿಯಿರಿ. ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತರಿಸಿ. ಶೋರೂಂ ಸುತ್ತ ಒಂದು ರೌಂಡು ಹೊಡೆದು ಏಸಿ ತಂಪಾಗಿದೆ ಅಂದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ರ‍್ಯಾಂಪ್ ಏರಿಸಿ, ನಿಮ್ಮ ಪಿಲ್ಲರ್ ನಡುವೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು ನೋಡಿ.

ಜಾಗ ಸಿಕ್ಕಿತು ಅನ್ನಿ. ಈಗ ದುಡ್ಡು.

ಎಕ್ಸ್‌ಶೋರೂಂ 8 ಲಕ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ 5 ಲಕ್ಷದವರೆಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಆಮೇಲೆ 18. ಆ ತೆರಿಗೆಯ ಮೇಲೆ ಸೆಸ್ ಬೇರೆ. ಎಂಟು ಲಕ್ಷಕ್ಕೆ ಒಂದೂಕಾಲು ಲಕ್ಷದ ಹತ್ತಿರ ಆರ್‌ಟಿಒಗೇ ಹೋಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ) ವಿಮೆ ಕಡ್ಡಾಯ. 1000ದಿಂದ 1500 ಸಿಸಿಗೆ ಅದು 10,640 ರೂಪಾಯಿ. ಓನ್ ಡ್ಯಾಮೇಜ್ (ನಮ್ಮ ಗಾಡಿಯ ಹಾನಿಗೆ), ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವುದು), ಎಂಜಿನ್ ಪ್ರೊಟೆಕ್ಟ್ (ಎಂಜಿನ್ ಹಾನಿಗೆ), ಜಿಎಸ್‌ಟಿ ಎಲ್ಲ ಸೇರಿ ವಿಮೆಗೆ ಒಟ್ಟು ನಲವತ್ತು–ನಲವತ್ತೈದು ಸಾವಿರ. ಆನ್‌ರೋಡ್ 9.75 ಲಕ್ಷ ಅಂತ ಬರೆದುಕೊಳ್ಳಿ.

ಎಂಟು ವರ್ಷ ಓಡಿಸಿ 3 ಲಕ್ಷಕ್ಕೆ ಮಾರಿದರೆ ಕರಗಿದ್ದು 6.75 ಲಕ್ಷ, ತಿಂಗಳಿಗೆ 7,000. ಗಾಡಿಯಲ್ಲಿ ಸಿಕ್ಕಿಹಾಕಿಕೊಂಡ ದುಡ್ಡಿಗೆ ಎಫ್‌ಡಿ ಬಡ್ಡಿ ಹಿಡಿದರೂ ತಿಂಗಳಿಗೆ 3,700. ಇದನ್ನು ಯಾರೂ ಲೆಕ್ಕಕ್ಕೆ ತರಲ್ಲ, ಕೈಯಿಂದ ಹೋದದ್ದು ಕಾಣಿಸಲ್ಲ ನೋಡಿ. ವಿಮೆ ನವೀಕರಣ 1,400, ಸರ್ವಿಸು 800, ಟೈರು–ಬ್ಯಾಟರಿಗೆ ಎತ್ತಿಡಬೇಕಾದ್ದು 450, ಬೆಳಿಗ್ಗೆ ಬಂದು ಒರೆಸುವವರಿಗೆ 600. ಒಟ್ಟು ಹತ್ತಿರ ಹತ್ತಿರ 14,000. ಇನ್ನೂ ಒಂದು ಹನಿ ಪೆಟ್ರೋಲ್ ಹಾಕಿಲ್ಲ! ಸಾಲ ಮಾಡಿದರೆ ಎಫ್‌ಡಿ ಬಡ್ಡಿಯ ಜಾಗಕ್ಕೆ ಸಾಲದ ಬಡ್ಡಿ ಬರುತ್ತದೆ, ಇನ್ನಷ್ಟು ಭಾರ. ಪಾರ್ಕಿಂಗನ್ನೂ ಬಾಡಿಗೆಗೆ ಹಿಡಿದರೆ ಅದನ್ನು ಮೇಲಿಂದ ಸೇರಿಸಿ.

ಪೆಟ್ರೋಲ್ ಲೀಟರಿಗೆ 103ರ ಆಸುಪಾಸು. ಕಂಪನಿ 22 ಮೈಲೇಜ್ ಅಂದರೂ ಸಿಲ್ಕ್ ಬೋರ್ಡು, ಹೆಬ್ಬಾಳದ ಕಡೆ ಹನ್ನೆರಡೇ ಗಟ್ಟಿ. ಕಿಲೋಮೀಟರಿಗೆ 8.60. ಕ್ಯಾಬಿಗೆ ಸರ್ಕಾರ 2024ರ ಜನವರಿಯಲ್ಲಿ ಗೊತ್ತುಮಾಡಿದ ದರ, 10 ಲಕ್ಷದೊಳಗಿನ ಗಾಡಿಗೆ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. 10 ಕಿಲೋಮೀಟರಿನ ಸವಾರಿಗೆ ಸರಾಸರಿ 24.40 ಬೀಳುತ್ತದೆ, ವ್ಯತ್ಯಾಸ ಹತ್ತಿರ ಹತ್ತಿರ 16 ರೂಪಾಯಿ. ಹದಿನಾಲ್ಕು ಸಾವಿರವನ್ನು ಹದಿನಾರರಿಂದ ಭಾಗಿಸಿ: 875. ತಿಂಗಳಿಗೆ ಸುಮಾರು 875 ಕಿಲೋಮೀಟರ್ ಓಡಿಸಿದರೆ ಹೊಸ ಕಾರೂ ಕ್ಯಾಬೂ ಸರಿಸಮ. ಅದಕ್ಕಿಂತ ಕಡಿಮೆ ಓಡಿಸುವವರು ದುಡ್ಡು ಉಳಿಸಲು ಕಾರು ತಗೊಂಡೆವು ಅನ್ನಬಾರದು; ಮಳೆಯಲ್ಲಿ ಕ್ಯಾನ್ಸಲ್ ಆಗದ ಗಾಡಿ ಬೇಕಿತ್ತು, ತಗೊಂಡೆವು ಅನ್ನಲಿ. ಅದೂ ಸರಿಯಾದ ಕಾರಣವೇ.

ಆಟೋ ಇನ್ನೂ ಅಗ್ಗ. ಈ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆಪಟ್ಟು. ಮೀಟರ್ ಹಾಕಿದರೆ, ಅನ್ನುವುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಫೀಸಿಗೆ ಹೋಗಿಬರಲೆಂದು ಮಾತ್ರ ಕಾರು ಬೇಡ, ಇದು ಖಡಾಖಂಡಿತ ಅಭಿಪ್ರಾಯ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರಿಗೆ ಸರಾಸರಿ 34 ನಿಮಿಷ 10 ಸೆಕೆಂಡು. ಅದು ಇಡೀ ದಿನದ ಸರಾಸರಿ. ಸಂಜೆ ಆರೂವರೆಗೆ ಮಾರತ್‌ಹಳ್ಳಿಯಲ್ಲಿ ನಿಂತವರ ಪಾಡು ಬೇರೆ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಹಸಿರು ಮಾರ್ಗ ಮಾದಾವರದವರೆಗೆ ಬೆಳೆದಿದೆ, ಹಳದಿ ಮಾರ್ಗ ಈ ಆಗಸ್ಟಿನಿಂದ ಆರ್.ವಿ. ರಸ್ತೆ–ಬೊಮ್ಮಸಂದ್ರ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲಿತ್ತು, ರೈಲು ಸೇರಿದಂತೆಲ್ಲ ಅಂತರ ಇಳಿಯುತ್ತಿದೆ. ಫೆಬ್ರವರಿಯಲ್ಲಿ ದರ ಏರಿಸಿದ ಮೇಲೂ ಅತಿ ದೂರದ ಟಿಕೆಟ್ 90 ರೂಪಾಯಿ. ಆದರೆ ಮನೆ, ಆಫೀಸು ಎರಡೂ ಹೊರವರ್ತುಲ ರಸ್ತೆಯಲ್ಲಿದ್ದರೆ ಈ ಮಾತು ಸಲೀಸಲ್ಲ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಮೆಟ್ರೊ ಇನ್ನೂ ಕಾಮಗಾರಿಯಲ್ಲೇ ಇದೆ. ಅಲ್ಲಿಯವರು ಬಸ್ಸನ್ನೋ ಆಫೀಸಿನ ಕ್ಯಾಬನ್ನೋ ನಂಬಬೇಕು.

ಕಾರಿಗೆ ನಿಜವಾದ ಕೆಲಸ ಬೇರೆ. ವಾರಕ್ಕೆ ಎರಡು–ಮೂರು ಸಲ ಡಯಾಲಿಸಿಸ್, ಫಿಸಿಯೋಥೆರಪಿ ಇರುವ ಮನೆ. ಎರಡು ಪುಟ್ಟ ಮಕ್ಕಳಿದ್ದು ಆಟೋ ಹೊಗೆ ಆಗದ ಮನೆ. ತಿಂಗಳಿಗೆ ಎರಡು ಸಲ ಹಾಸನ, ತುಮಕೂರು, ಮಂಡ್ಯ ಅಂತ ಊರಿಗೆ ಹೋಗುವವರು, ಬರುವಾಗ ಡಿಕ್ಕಿ ತುಂಬ ತೆಂಗಿನಕಾಯಿ, ಅಕ್ಕಿಮೂಟೆ ತರುವವರು. ಔಟ್‌ಸ್ಟೇಷನ್ ಟ್ಯಾಕ್ಸಿಯವರು ದಿನಕ್ಕೆ 250–300 ಕಿಲೋಮೀಟರ್ ಕನಿಷ್ಠ ಹಿಡಿಯುತ್ತಾರೆ, ಡ್ರೈವರ್ ಬಾಟಾ ಬೇರೆ. ಊರಲ್ಲಿ ಎರಡು ದಿನ ಸುಮ್ಮನೆ ನಿಂತರೂ ಮೀಟರ್ ಓಡಿದ ಹಾಗೇ. ಇಂಥವರಿಗೆ ಕಾರು ಗಿಟ್ಟುತ್ತದೆ. ಹೆದ್ದಾರಿ ಟೋಲಿಗೆ 2025ರ ಆಗಸ್ಟಿನಲ್ಲಿ 3,000 ರೂಪಾಯಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂತು, ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗೆ ಮಾತ್ರ, ಖಾಸಗಿಯವರ ನೈಸ್ ರಸ್ತೆಗೆ ನಡೆಯಲ್ಲ.

9 ನವೆಂಬರ್, ಭಾನುವಾರ ಬೆಳಿಗ್ಗೆ

ನಿನ್ನೆ ಬರೆಯಲು ಉಳಿದದ್ದು: ನಿಂತ ಕಾರು. ವಾರಾಂತ್ಯಕ್ಕೆ ಮಾತ್ರ ಬಳಸುತ್ತೇವೆ, ಸವೆಯಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಬೆಂಗಳೂರಲ್ಲಿ ಓಡುವ ಕಾರಿಗಿಂತ ನಿಂತ ಕಾರು ಬೇಗ ಕೆಡುತ್ತದೆ.

ಮೊದಲನೆಯದು ಇಲಿ. ಬಾನೆಟ್ಟಿನ ಒಳಗೆ ಬೆಚ್ಚಗಿರುತ್ತದೆ, ಕೆಳಗಿನಿಂದ ಬರಲು ದಾರಿ ಇದೆ. ಬ್ಯಾಟರಿ ಟ್ರೇ ಮೇಲೆ ಹಿಕ್ಕೆ, ಏರ್‌ಫಿಲ್ಟರ್ ಡಬ್ಬಿಯಲ್ಲಿ ಹತ್ತಿ ಚೂರು, ಒಂದು ಅರ್ಧ ತಿಂದ ಬ್ರೆಡ್ಡು ಕಂಡರೆ ಸಂಸಾರ ಹೂಡಿಯಾಗಿದೆ ಅಂತ. ಒಂದು ಸೆನ್ಸರ್ ವೈರ್ ಕಡಿದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ವೈರು ಜೋಡಿಸಿದರೆ ಐನೂರರಲ್ಲಿ ಮುಗಿಯುವ ಕೆಲಸ, ಪೂರ್ತಿ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕು ಅಂದರೆ ಹತ್ತಾರು ಸಾವಿರ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು, ಏಸಿಗೆ ಗಾಳಿ ಹೋಗುವ ಬಾಯಿಗೆ ತಂತಿ ಜಾಲರಿ ಹಾಕಿಸುವುದು, ಸೀಟಿನಡಿ ಬಿಸ್ಕತ್ತು ಚೂರು ಬಿಡದಿರುವುದು, ಇವೇ ಉಪಾಯ. ಹೊಗೆಸೊಪ್ಪು, ಗುಳಿಗೆ ಎಲ್ಲ ನಾಲ್ಕು ದಿನ, ವಾಸನೆ ಇರುವವರೆಗೆ.

ಎರಡನೆಯದು ಬ್ಯಾಟರಿ. ಲಾಕ್ ಮಾಡಿದ ಕಾರೂ ಅಲಾರಂ, ಗಡಿಯಾರಕ್ಕೆ ಕರೆಂಟು ಕುಡಿಯುತ್ತಲೇ ಇರುತ್ತದೆ. ಮೂರು ವಾರ ನಿಂತರೆ ಹಳೆ ಬ್ಯಾಟರಿ ಸೆಲ್ಫ್ ಎತ್ತಲ್ಲ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ದಂಡ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಟೈರು ಒಂದೇ ಕಡೆ ಚಪ್ಪಟೆಯಾಗುವುದೂ ತಪ್ಪುತ್ತದೆ. ತಿಂಗಳುಗಟ್ಟಲೆ ಊರಲ್ಲಿರಲ್ಲ ಅಂದರೆ 10 ನಂಬರ್ ಸ್ಪ್ಯಾನರಿನಲ್ಲಿ ನೆಗೆಟಿವ್ ಕಳಚಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎಳೆದೇ ಬಿಟ್ಟರೆ ಮಳೆಗಾಲದಲ್ಲಿ ಬ್ರೇಕ್ ಕಚ್ಚಿಕೊಳ್ಳುತ್ತದೆ.

ಹೊಂಗೆ ಮರದ ನೆರಳು ಚೆಂದ, ಆದರೆ ಮರದಿಂದ ಸೋರುವ ಅಂಟು, ಮೇಲೆ ಹಕ್ಕಿ ಹಿಕ್ಕೆ, ಎರಡು ದಿನ ಬಿಸಿಲಿಗೆ ಬೆಂದರೆ ಬಣ್ಣದಲ್ಲಿ ಕಲೆ ಕೂರುತ್ತದೆ. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದರೆ ಓನ್ ಡ್ಯಾಮೇಜ್ ಇದ್ದವರಿಗೆ ವಿಮೆ ಸಿಗುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಒಂದು ಪೈಸೆಯೂ ಇಲ್ಲ.

ನೀರಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಕಾರುಗಳನ್ನು ಎಲ್ಲರೂ ನೋಡಿದ್ದೇವೆ. 2023ರ ಮೇನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರೊಳಗೆ ನೀರು ತುಂಬಿ ಜೀವವೇ ಹೋಯಿತು. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. ನಿಂತಿದ್ದ ಗಾಡಿ ಮುಳುಗಿದ್ದರೆ ಕೀ ತಿರುಗಿಸಬೇಡಿ. ಸಿಲಿಂಡರ್ ಒಳಗೆ ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಈ ಹಾನಿಗೆ ಎಂಜಿನ್ ಪ್ರೊಟೆಕ್ಟ್ ಇಲ್ಲದ ಪಾಲಿಸಿ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಫೋಟೊ ತೆಗೆದು, ವಿಮೆಯವರಿಗೆ ಫೋನ್ ಮಾಡಿ, ಫ್ಲಾಟ್‌ಬೆಡ್ ಮೇಲೆ ಎತ್ತಿಸಿ.

ಸೆಕೆಂಡ್‌ಹ್ಯಾಂಡಿನಲ್ಲೂ ಇದೇ ಭಯ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಮುಳುಗಿದ ಕಾರಿನ ಕಾರ್ಪೆಟ್ಟು ತೊಳೆಯುತ್ತಾರೆ, ಸೀಟು ತೊಳೆಯುತ್ತಾರೆ, ಬೆಲ್ಟಿನ ಒಳಗಿನ ಒಂದು ಅಡಿ ತೊಳೆಯಲು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ ಹಾಗೇ ಇರುತ್ತದೆ. ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕು ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿತು ಅನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29, 30. ಬಾಕಿ ಟ್ರಾಫಿಕ್ ದಂಡ ಮಾರುವವರೇ ಕಟ್ಟಲಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ (ವಿಮೆ ಹಣ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿ) ಹಳೆಯವರದು, ನಿಮಗೆ ಬರಲ್ಲ. 3.6 ಲಕ್ಷಕ್ಕೆ ಕೊಂಡು ಐದು ವರ್ಷಕ್ಕೆ 1.6ಕ್ಕೆ ಮಾರುವ ಲೆಕ್ಕದಲ್ಲಿ, ರಿಪೇರಿಗೆ ವರ್ಷಕ್ಕೆ 15,000 ಹಿಡಿದರೂ, ತಿಂಗಳ ಖರ್ಚು ಎಂಟು ಸಾವಿರದ ಒಳಗೇ. ಸರಿಸಮವಾಗುವ ಗೆರೆ 875ರಿಂದ 490 ಕಿಲೋಮೀಟರಿಗೆ ಇಳಿಯುತ್ತದೆ. ಊರೊಳಗೇ ಸುತ್ತುವ ಮನೆಗೆ ನಮ್ಮ ಓಟು ಇದಕ್ಕೇ.

ಡೀಸೆಲ್ ಬೇಡ, ವಾರಕ್ಕೊಮ್ಮೆಯಾದರೂ ಹೆದ್ದಾರಿ ಹತ್ತದವರಿಗೆ. ಈಗಿನ ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಳಗಿನ ಮಸಿ ಸುಟ್ಟುಹೋಗಲು ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಬನಶಂಕರಿಯಿಂದ ಜಯನಗರಕ್ಕೆ ಓಡಿದರೆ ಅದು ಸುಡಲ್ಲ, ಕಟ್ಟಿಕೊಳ್ಳುತ್ತದೆ. ಎಲೆಕ್ಟ್ರಿಕ್ ಆದರೆ ನಿಮ್ಮದೇ ಜಾಗಕ್ಕೆ ನಿಮ್ಮದೇ ಮೀಟರಿನಿಂದ ವೈರು ಎಳೆಯಲು ಅಪಾರ್ಟ್‌ಮೆಂಟ್ ಸಂಘದವರ ಒಪ್ಪಿಗೆ ಬರಹದಲ್ಲಿ ಸಿಕ್ಕ ಮೇಲೇ ಬುಕಿಂಗ್.

ಇನ್ನೂ ತೀರ್ಮಾನವಾಗದಿದ್ದರೆ ಎರಡು ತಿಂಗಳು ಒಂದು ನೋಟ್‌ಬುಕ್ ಇಡಿ: ದಿನಾಂಕ, ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಕೊಟ್ಟಿರಿ, ಎಷ್ಟು ಹೊತ್ತು ಕಾದಿರಿ. ಊರಿಗೆ ಹೋಗಬೇಕಾದಾಗ ಸೆಲ್ಫ್‌ಡ್ರೈವ್ ಗಾಡಿ ತಗೊಳ್ಳಿ, ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ, ಅದೇ ಬಾಡಿಗೆ ಪರವಾನಗಿಯ ಗುರುತು. ನೋಟ್‌ಬುಕ್ ತುಂಬುವಷ್ಟರಲ್ಲಿ ಜನವರಿ ಬಂದಿರುತ್ತದೆ, ಅದೂ ಒಳ್ಳೆಯದೇ. ಡಿಸೆಂಬರಿನ ರಿಯಾಯಿತಿಯಲ್ಲಿ ಕೊಂಡ ಗಾಡಿ ನಾಲ್ಕು ವಾರಕ್ಕೆ ಹೋದ ವರ್ಷದ ಮಾಡೆಲ್ ಆಗುತ್ತದೆ, ಮಾರುವಾಗ ಅಷ್ಟು ಕಡಿತ. ಎಂಟ್ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಪರವಾಗಿಲ್ಲ, ಮೂರಕ್ಕೆ ಬದಲಿಸುವವರಿಗೆ ನಷ್ಟ. ಯಾವಾಗ ಕೊಂಡರೂ ನೋಂದಣಿಗೆ ಕೊಡುವ ಮುಂಚೆ ಸ್ಟಾಕ್‌ಯಾರ್ಡಿಗೇ ಹೋಗಿ ತಯಾರಾದ ತಿಂಗಳು, ಓಡೋಮೀಟರ್, ಟೈರಿನ ಪಕ್ಕದ ನಾಲ್ಕಂಕಿ ನೋಡಿ. ಅಲ್ಲಿ 3825 ಅಂತಿದ್ದರೆ 2025ರ 38ನೇ ವಾರದ ಟೈರು.